ನನಗೊಂದು, ನಮ್ಮಪ್ಪನಿಗೊಂದು

ಆಷಾಢ. ಯಾರಿಗೂ ಮದುವೆಯಿಲ್ಲ, ನನಗೆ ಕೆಲಸವಿಲ್ಲ.
ಆಗಲೇ ಶುರುವಾಯಿತು ಕಂಪ್ಯೂಟರಿನ ಹೊಟ್ಟೆಯೊಳಗೆ
ಟಿಕ್, ಟಿಕಟಿಕ್, ಕೊಂಚ ಮೌನ, ಮತ್ತೆ ಟಿಕ್,
ಯಾರೋ ಆಡಿದ ಕೆಟ್ಟ ಮಾತಿಗೆ
ಹಲ್ಲಿ ಲೊಚಗುಟ್ಟಿ ಹೌದೆಂದ ಹಾಗೆ.

ಫೋನನ್ನು ಡಬ್ಬಕ್ಕೆ ಹಿಡಿದೆ.
ಎಸ್.ಪಿ. ರೋಡಿನ ಇಮ್ತಿಯಾಜ್ ನಾಡಿ ನೋಡುವವನಂತೆ ಕೇಳಿ
"ಡಿಸ್ಕು ಹೋಗ್ತಾ ಇದೆ ಮೇಡಂ. ಬ್ಯಾಕಪ್ ಇದೆ ತಾನೆ?" ಎಂದ.
ನಾನು ಕಿಟಕಿಯಾಚೆ ನೋಡಿದೆ.
ಹನುಮಂತನಗರದಲ್ಲಿ ಹೋದ ತಿಂಗಳು ಮುಚ್ಚಿದ ರಸ್ತೆಯನ್ನು
ಮತ್ತೆ ಅಗೆಯುತ್ತಿದ್ದರು.

ಹದಿನೇಳು ವರ್ಷದ ಲಗ್ನಪತ್ರಿಕೆಗಳು ಅದರೊಳಗೆ.
ಎಷ್ಟೊಂದು ಚಿ||, ಎಷ್ಟೊಂದು ಚಿ||ಸೌ||!
ಚಿರಂಜೀವಿಯೆಂದು ಎರಡು ಗೀಟೆಳೆದು
ಸಾವಿರಾರು ಮಂದಿಗೆ ಆಯುಸ್ಸು ಹಂಚಿದವಳು
ಅವರನ್ನೆಲ್ಲ ಒಂದೇ ತಟ್ಟೆಯ ಮೇಲೆ ಕೂರಿಸಿ
ಗರಗರ ತಿರುಗಿಸುತ್ತಿದ್ದೆ.

ಹೊಸ ಡಿಸ್ಕಿಗೇ ನಾಲ್ಕೂವರೆ ಸಾವಿರ ಬಿಚ್ಚಿದ ಮೇಲೆ
ತಂತ್ರಾಂಶ ಬಿಟ್ಟಿಯದೇ ಆಗಬೇಕಿತ್ತು.
ಒಂದು, ಹೆಣ್ಣು ನೋಡಲು ಬಂದವರ ಹಾಗೆ
"ನಮಗೇನೂ ಬೇಡ, ನಿಮ್ಮ ಹುಡುಗಿ ಸಾಕು" ಅಂದು
ಮೂವತ್ತನೆಯ ದಿನ ಪಟ್ಟಿ ಬಿಚ್ಚಿತು.
ಇನ್ನೊಂದು ನನ್ನ ಸಾಮಾನನ್ನೆಲ್ಲ ಗಂಟು ಕಟ್ಟಿ
ತನ್ನದೇ ಬೀಗ ಜಡಿಯಿತು.
ನಾಳೆ ಅದೇ ಮನೆ ಖಾಲಿ ಮಾಡಿ ಹೋದರೆ
ಕೀಲಿಕೈ ಯಾರ ಹತ್ತಿರ ಕೇಳಲಿ?

ಸರಳವಾದದ್ದೊಂದು ಸಿಕ್ಕಿತು, ಕನ್ನಡಿಯಂಥದು:
ಇಲ್ಲಿದ್ದದ್ದು ಅಲ್ಲಿ. ಅಷ್ಟೇ.
ನಾಲ್ಕು ದಿನ ಖುಷಿಯಾಗಿದ್ದೆ.
ಐದನೆಯ ರಾತ್ರಿ ತೂಕಡಿಸುತ್ತ ವೈಶಾಖವನ್ನೇ ಅಳಿಸಿಬಿಟ್ಟೆ;
ಅದೂ ಅಳಿಸಿತು, ಚಾಚೂ ತಪ್ಪದೆ.
ನಿನ್ನೆ ನನ್ನ ಹಣೆಯಲ್ಲಿ ಬೊಟ್ಟಿತ್ತೆಂದು
ಕನ್ನಡಿಗೇನು ನೆನಪು?
ಗಿರಾಕಿಗಳ ವಾಟ್ಸಾಪಿನ ಬಾಗಿಲಲ್ಲಿ ನಿಂತು
ಒಂದೊಂದಾಗಿ ಬೇಡಿ ತಂದೆ.

ಕೊನೆಗೆ ಒಲಿದದ್ದು ಬೂದು ಬಣ್ಣದ ಕುರೂಪಿ.
ಯಾವ ಊರಿನ ಯಾರು ಬರೆದು ಬಿಟ್ಟದ್ದೋ,
ದುಡ್ಡು ಕೇಳಲಿಲ್ಲ, ನನ್ನ ಹೆಸರೂ ಕೇಳಲಿಲ್ಲ.
ಶಾನುಭೋಗರ ಬುದ್ಧಿ ಅದಕ್ಕೆ, ದಿನದಿನದ ಲೆಕ್ಕ ಬೇರೆ ಬೇರೆ.
"ಹೋದ ಮಂಗಳವಾರ ಕೊಡು" ಅಂದರೆ
ಹೋದ ಮಂಗಳವಾರವನ್ನು
ಅದರ ಕಾಗುಣಿತದ ತಪ್ಪುಗಳ ಸಮೇತ ಎತ್ತಿ ಕೊಡುತ್ತದೆ.

"ಇಟ್ಟಿರಿ, ಸರಿ. ತೆಗೆದು ನೋಡಿದಿರಾ?"
ಮತ್ತೆ ಇಮ್ತಿಯಾಜ್.

ಭಾನುವಾರ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ
ಶ್ರೀರಾಮಪುರಕ್ಕೆ, ಅಕ್ಕನ ಮನೆಗೆ ಒಯ್ದೆ.
ಅವಳ ಮಗಳ ಕಂಪ್ಯೂಟರಿನಲ್ಲಿ ಒಂದು ಪತ್ರಿಕೆ ತೆರೆದೆ.
ಗಣಪತಿ ಇದ್ದ, ಬಾಳೆಕಂಬ ಇತ್ತು.
ಅಕ್ಷರಗಳ ಜಾಗದಲ್ಲಿ ಮಾತ್ರ
ಕೊಕ್ಕೆ, ಟೋಪಿ, ಚುಕ್ಕೆ,
ಯಾವ ದೇಶದವರದ್ದೋ ಜಗಳ.

ಮಂಚದಿಂದ ಎದ್ದು ಬಂದ ಅಪ್ಪ.
ಕಾಟನ್‌ಪೇಟೆಯ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಮೊಳೆ ಜೋಡಿಸಿದ ಕೈ.
ಅಚ್ಚಾದ ಸಂಜೆಯೇ ಪುಟ ಬಿಡಿಸಿ
ಕ-ವನ್ನು ಕ-ದ ಮನೆಗೆ, ಒತ್ತನ್ನು ಒತ್ತಿನ ಮನೆಗೆ ಕಳಿಸುತ್ತಿದ್ದ;
ನಾಳೆಯ ಗಂಡಿಗೂ ಅದೇ ಚಿ ಬೇಕು.
ಪ್ರತಿ ಪತ್ರಿಕೆಯದೂ ಒಂದೇ ಒಂದು ಪ್ರತಿ
ಗೋಡೆಯ ತಂತಿಗೆ ಚುಚ್ಚಿಡುತ್ತಿದ್ದ. ಧಣಿಗಲ್ಲ, ತನಗೆ.

ಕನ್ನಡಕ ಏರಿಸಿ ನಕ್ಕ:
"ಪುಟ ಉಳಿಸಿದೀಯ ಮಗಳೇ, ಮೊಳೆಪೆಟ್ಟಿಗೆ ಮರೆತಿದೀಯ."
ಹೌದು. ಫಾಂಟುಗಳ ಫೋಲ್ಡರಿಗೆ
ನಾನು ಟಿಕ್ ಹಾಕಿರಲೇ ಇಲ್ಲ.

ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು
ಅಂತ ಊರು ಆಡಿಕೊಳ್ಳುತ್ತದಲ್ಲ, ಆಡಿಕೊಳ್ಳಲಿ.
ಈಗ ಎರಡು ಡಿಸ್ಕು. ಒಂದು ನನ್ನ ಮೇಜಿನ ಮೇಲೆ,
ಇನ್ನೊಂದು ಶ್ರೀರಾಮಪುರದ ಟ್ರಂಕಿನಲ್ಲಿ,
ಅಪ್ಪನ ಕಂಪೋಸಿಂಗ್ ಸ್ಟಿಕ್ಕಿನ ಪಕ್ಕ.
ವಾರಕ್ಕೊಮ್ಮೆ ಅದಲು ಬದಲು.

"ಎಷ್ಟು ಜನ ಇದಾರೆ ಇದರಲ್ಲಿ?" ಎಂದು
ಅಂಗೈಯಲ್ಲಿ ತೂಗಿ ನೋಡುತ್ತಾನೆ,
"ಸೀಸವಾಗಿದ್ದಿದ್ದರೆ ಎತ್ತಲಾಗುತ್ತಿರಲಿಲ್ಲ."