ಒಂಬತ್ತನೇ ಹಾಡು

ಮೊದಲ ವಾರ ನಾಲ್ಕು. ಎರಡನೇ ವಾರ ಹತ್ತೊಂಬತ್ತು.
ಮೂರನೆಯದಕ್ಕೆ ಐವತ್ತೆರಡು,
ಆಮೇಲೆ ಪಟ್ಟಿಯಲ್ಲೇ ಇಲ್ಲ.
ಗ್ರಿಮ್ಸ್‌ಬಿಯ ಮೀನುಕಟ್ಟೆಯಲ್ಲಿ ಐಸು ಒಡೆಯುತ್ತ
ರೇಡಿಯೋದಲ್ಲಿ ಕೇಳಿದೆ. ಕೈಗವಸು ಕಳಚಲಿಲ್ಲ.

ಹದಿನಾರು ಹಾಡು. ನಮ್ಮ ಹನ್ನೊಂದು ವರ್ಷ
ಒಂದೇ ಡಬ್ಬಿಯಲ್ಲಿ, ಮೇಲೆ ನಾಲ್ವರ ಫೋಟೋ
(ಆ ಕೂದಲು ಯಾರದೋ!).
ಒಂಬತ್ತನೆಯದು ನನ್ನದು. ಬೇಸ್ ನುಡಿಸುವವನೂ
ಒಂದು ಬರೆದುಕೊಳ್ಳಲಿ, ಪಾಪ, ಎಂದು ಕೊಟ್ಟ ಜಾಗ;
ರೈಲು ನಿಲ್ಲದ ಸ್ಟೇಷನ್ನು.

ಆದರೂ ಲೆಕ್ಕ ಲೆಕ್ಕವೇ: ಡಿಸ್ಕು ಮಾರಿದರೆ
ಕೇಳಿದ ಹಾಡಿಗೂ ಕೇಳದ ಹಾಡಿಗೂ ಒಂದೇ ಪಾಲು.
ಹಾಡುಗಾರ ರೋಲಂಡ್‌ಗೆ ಇದು ಇಂದಿಗೂ
ನುಂಗಲಾರದ ತುತ್ತು.

ಪ್ರತಿ ಜೂನ್, ಅಪ್ಪಂದಿರ ದಿನದ ಆಚೀಚೆ
ಅದು ಮತ್ತೆ ತಲೆಯೆತ್ತುತ್ತದೆ: ಎಂಬತ್ತೆಂಟು, ಎಪ್ಪತ್ತೊಂದು,
ಒಂದು ವರ್ಷ ಮೂವತ್ತಾರು!
ಪೆಟ್ರೋಲ್ ಬಂಕಿನ ಗಲ್ಲಾದ ಪಕ್ಕ, ಚಾಕಲೇಟಿನ ಕೆಳಗೆ,
ಏನು ಕೊಡಬೇಕೆಂದು ತೋಚದ ಮಕ್ಕಳು
ಕೊನೆ ಗಳಿಗೆಯಲ್ಲಿ ಎತ್ತಿಕೊಳ್ಳುವುದು ನಮ್ಮನ್ನೇ.
ಮಕ್ಕಳಿಲ್ಲದ ನನ್ನ ಬಾಯ್ಲರು
ಅವರ ಅಪ್ಪಂದಿರ ದಯದಿಂದ ರಿಪೇರಿಯಾಗುತ್ತದೆ.

ಮೊನ್ನೆ ನಿಂತು ನೋಡಿದೆ. ಹದಿನಾಲ್ಕರ ಹುಡುಗಿ,
ಚಿಲ್ಲರೆ ಎಣಿಸಿ, ಸಾಲದೆ,
ಚಾಕಲೇಟು ವಾಪಸಿಟ್ಟು ನಮ್ಮನ್ನು ಉಳಿಸಿಕೊಂಡಳು.
ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ:
ನಿಮ್ಮಪ್ಪನಿಗೆ ಇದರಲ್ಲಿ ಯಾವುದಿಷ್ಟ?

"ಗೊತ್ತಿಲ್ಲಪ್ಪ. ಹಳೇದು ಗೀರುಬಿದ್ದು ಹಾಳಾಯ್ತು.
ದಿನಾ ಬೆಳಿಗ್ಗೆ ಕಾರಿನಲ್ಲಿ ಹಾಕ್ತಾರೆ.
ಎಂಟು ಮುಗಿಯೋಷ್ಟರಲ್ಲಿ
ನನ್ನ ಶಾಲೆ ಬಂದುಬಿಡುತ್ತೆ."