ಜೋನಿಬೆಲ್ಲದ ಬಣ್ಣ

ಮೋರ್ಕಂಬ್‌ನಲ್ಲಿ ಕಡಲು ದಿನಕ್ಕೆರಡು ಸಲ
ಮನೆ ಬಿಟ್ಟು ಹೋಗುತ್ತದೆ.
ಮೈಲಿಗಟ್ಟಲೆ ಕೆಸರು, ಅದರ ಮೇಲೆ ತವರದಂಥ ಬೆಳಕು,
ಆಚೆ ದಡದಲ್ಲಿ ಬೆಟ್ಟಗಳ ಸಾಲು, ಕಂಡರೆ ಕಂಡೀತು.
ಆಸ್ಪತ್ರೆಯ ರಾತ್ರಿಪಾಳಿಯಲ್ಲಿ
ಎಲುಬುಗಳ ಎಕ್ಸ್‌ರೇ ಹಿಡಿದು ಹಿಡಿದು ಸಾಕಾಗಿ
ಭಾನುವಾರ ನಾನು ನಾಯಿಗಳ ಫೋಟೋ ಹಿಡಿಯುತ್ತೇನೆ.

ರೋಗಿಗೆ "ಉಸಿರು ಕಟ್ಟಿ, ಅಲುಗಬೇಡಿ" ಅಂದರೆ ಕೇಳುತ್ತಾರೆ.
ನಾಯಿಗೆ ಹೇಳಿ ನೋಡಿ.

ಗರೆತ್‌ನ ವಿಪೆಟ್, ಹೆಸರು ಪಿಪ್,
ಒಂದು ಹಿಡಿ ಬೆತ್ತ, ಉಳಿದದ್ದು ಗಾಳಿ.
ಇನ್ನೂರರ ಉದ್ದ ಲೆನ್ಸು ಹಾಕಿ
ಸೆಕೆಂಡನ್ನು ಎರಡು ಸಾವಿರ ಹೋಳು ಮಾಡಿ
ಒಂದು ಹೋಳು ತೆಗೆದೆ:
ನಾಲ್ಕೂ ಕಾಲು ನೆಲ ಬಿಟ್ಟು ಮೈ ಗಂಟುಕಟ್ಟಿ,
ತುಟಿ ಹಿಂದಕ್ಕೆ ಹಾರಿ ಒಸಡು ಕಂಡು,
ಎದ್ದ ಕೆಸರಿನ ಹನಿಹನಿಯೂ ಲೆಕ್ಕಕ್ಕೆ ಸಿಕ್ಕು.
ಗರೆತ್ ನೋಡಿದ.
"ಚೆನ್ನಾಗಿದೆ. ಆದ್ರೆ ಓಡ್ತಾನೇ ಇಲ್ವಲ್ಲ" ಅಂದ.
ಮೂವತ್ತನೇ ಒಂದಕ್ಕೆ ಇಳಿಸಿ
ಪಿಪ್‌ನ ಜೊತೆ ಸೊಂಟ ತಿರುಗಿಸುತ್ತಾ ಹಿಡಿದೆ.
ಕಾಲು ಕರಗಿದವು, ದಂಡೆ ಗೀರುಗೀರಾಯಿತು,
ಕಣ್ಣೊಂದು ಮಾತ್ರ ನಿಂತಿತು.
ನಿಂತಿತು ಅಂದರೆ, ಅರವತ್ತು ಸಲದಲ್ಲಿ ಒಂದು ಸಲ.

ಡೋರೀನ್‌ಳ ಟ್ರೀಕಲ್ ಬೇರೆ ಜಾತಿಯ ಕಷ್ಟ.
ಟ್ರೀಕಲ್ ಅಂದರೆ ನಮ್ಮ ಜೋನಿಬೆಲ್ಲವೇ, ಇನ್ನೂ ಕಪ್ಪು.
ಹದಿನಾಲ್ಕು ತುಂಬಿದ ಲ್ಯಾಬ್ರಡಾರ್,
ಹಿಂಗಾಲು ನಿತ್ರಾಣ, ಗದ್ದಕ್ಕೆ ಮಾತ್ರ ನರೆ.
"ಇವಳದ್ದು ಒಂದೂ ಫೋಟೋ ಇಲ್ಲ ಕಣೇ," ಅಂದಳು ಡೋರೀನ್,
"ಇರೋದೆಲ್ಲ ತೂತು."
ಫೋನಿನಲ್ಲಿ ತೋರಿಸಿದಳು:
ಕ್ರಿಸ್‌ಮಸ್ ಮರ, ಮೊಮ್ಮಕ್ಕಳು, ತೂತು.
ಕಡಲದಂಡೆ, ಐಸ್‌ಕ್ರೀಮು, ತೂತು.

ಕ್ಯಾಮೆರಾಗೆ ಒಂದು ಹಟ:
ಲೋಕವೆಲ್ಲ ಬೂದುಬಣ್ಣ ಎಂದೇ ಅದರ ನಂಬಿಕೆ.
ಹಿಮ ಕೊಟ್ಟರೆ ಕೊಳೆ ಮಾಡುತ್ತದೆ,
ಕರಿನಾಯಿಯೊಂದನ್ನೇ ಕೊಟ್ಟರೆ ತೊಳೆದು ತೊಳೆದು ಬೂದಿ.
ಹಿಂದೆ ಬಿಳಿಗೋಡೆ ಇತ್ತೋ, ಅದರ ಮಾತು ಕೇಳಿ
ನಾಯಿಯನ್ನು ಕತ್ತಲಿಗೆ ನೂಕುತ್ತದೆ.

ಇದು ನಾನು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ.
ಸಿಂಧನೂರು, ಏಳನೇ ಇಯತ್ತೆ, ಗುಂಪು ಫೋಟೋ:
ನಲವತ್ತು ಬಿಳಿ ಅಂಗಿ. ಎರಡನೇ ಸಾಲಿನಲ್ಲಿ ನಾನು,
ಅಂದರೆ ಒಂದು ಅಂಗಿ, ಎರಡು ರಿಬ್ಬನ್ನು, ಹಲ್ಲು.
ಆಮೇಲೆ ಗಂಡಿನ ಕಡೆಯವರಿಗೆಂದು ಸ್ಟುಡಿಯೋದಲ್ಲಿ ಹಿಡಿಸಿದ್ದು:
ಲೈಟು ಹೆಚ್ಚಿಸಿ, ಪೌಡರು ಬಳಿದು, ನೆಗೆಟಿವ್ ತಿದ್ದಿ,
ಯಾವಳೋ ಸುಣ್ಣದ ಹುಡುಗಿ
ನನ್ನ ಸೀರೆ ಉಟ್ಟು ಕೂತಿದ್ದಳು.
"ಇದು ನಾನಲ್ಲ" ಅಂದೆ.
"ಚಂದ ಬಂದದ, ಸುಮ್ಮಕಿರು" ಅಂದರು.

ಇರಲಿ. ನಾಯಿಯ ವಿಷಯ.

ಸೋಫಾಕ್ಕೆ ಹಳದಿ ಕಂಬಳಿ ಹಾಸಿ, ಕಿಟಕಿಯ ಪರದೆ ಸರಿಸಿ
ಕಾರ್ಪೆಟ್ಟಿಗೆ ಹೊಟ್ಟೆ ಹಚ್ಚಿ ಮಲಗಿದೆ.
ಐವತ್ತರ ಲೆನ್ಸು, ಬಾಯಿ ಪೂರ್ತಿ ತೆರೆದದ್ದು:
ಮೂಗಿನ ತೇವದ ಗುಳ್ಳೆಗಳೆಲ್ಲ ಸಿಕ್ಕವು,
ಕಣ್ಣು ಮೂರು ಅಂಗುಲ ಹಿಂದೆ, ಮಂಜಿನಲ್ಲಿ ಹೋಯಿತು.
ಬಾಯಿ ಕಿರಿದು ಮಾಡಿದೆ, ನಾಲ್ಕಕ್ಕೆ, ಆಮೇಲೆ ಐದು ಪಾಯಿಂಟ್ ಆರಕ್ಕೆ.
ಐಎಸ್‌ಒ ಏರಿಸಿದೆ, ಚಿತ್ರ ರವೆರವೆಯಾದರೆ ಆಗಲಿ.
ಅಗಲದ ಲೆನ್ಸು ಹಾಕಿ ಹತ್ತಿರ ಹೋದರೆ
ಮೂಗೇ ಆನೆ, ಬಾಲ ಪಕ್ಕದ ತಾಲೂಕು.
ಡೋರೀನ್ ನಕ್ಕಳು.
ನಗು ಕೇಳಿ ಟ್ರೀಕಲ್ ತಲೆ ಎತ್ತಿದಳು.

ಅಷ್ಟರಲ್ಲಿ ಮತ್ತೆ ಐವತ್ತು ಸಿಕ್ಕಿಸಿ
ಚಕ್ರವನ್ನು ಒಂದು ಮೆಟ್ಟಿಲು ಕೆಳಗೆ ತಿರುಗಿಸಿದ್ದೆ.
ಕಪ್ಪು, ಕಪ್ಪಾಗಿಯೇ ಬಾ.

ಬಂತು. ಬೆನ್ನಿನ ಮೇಲೆ ಕಿಟಕಿಯ ನೀಲಿ,
ತೊಡೆಯ ಹತ್ತಿರ ಬಿಸಿಲಿಗೆ ತುಕ್ಕಾದ ಕೂದಲು,
ಕಿವಿಯ ಅಂಚು ಕಾಫಿಬಣ್ಣ,
ಪೊರೆ ಬಂದ ಕಣ್ಣಿನಲ್ಲಿ ಗೋಲಿಯಷ್ಟು ಆಕಾಶ.
ಡೋರೀನ್ ಕನ್ನಡಕ ಹುಡುಕಿ ಹಾಕಿಕೊಂಡು ತುಂಬ ಹೊತ್ತು ನೋಡಿ,
"ಹುಬ್ಬಿನ ಮೇಲೆ ಗಾಯ. ಮುಳ್ಳುತಂತಿ.
ಮರಿಯಾಗಿದ್ದಾಗ. ನಾನೇ ಮರೆತಿದ್ದೆ" ಅಂದಳು.
ಮತ್ತೆ ಕ್ಯಾಮೆರಾ ಕಿತ್ತುಕೊಂಡು,
"ನೀನೂ ಕೂತ್ಕೊ, ಅವಳ ಪಕ್ಕ."

ಸೆಟ್ಟಿಂಗು ಬದಲಿಸಲಿಲ್ಲ, ಕೊಟ್ಟುಬಿಟ್ಟೆ.

ಡೋರೀನ್‌ಗೆ ಕೈ ನಡುಗುತ್ತದೆ.
ಮೂಲೆಯಲ್ಲಿ ಅವಳ ಹೆಬ್ಬೆರಳು, ಅರ್ಧ ನಾಯಿ,
ಕಂಬಳಿಯ ಮೇಲೆ ನಾನು.
ಅಲುಗಿದ್ದೇನೆ.
ಬಣ್ಣ ಸರಿಯಿದೆ.