ಬಂದ ಉದ್ದೇಶ

ಹಾಲಿನಪುಡಿ ಡಬ್ಬದಲ್ಲಿ ಆರು ತಿಂಗಳ ಚಿಲ್ಲರೆ.
ತಲೆಗೆ ಹನ್ನೆರಡು ರಿಯಾಲು.
ರೂವಿಯ ಗಡಿಯಾರ ಗೋಪುರದ ಹತ್ತಿರ
ಶುಕ್ರವಾರ ಬೆಳಗಿನ ಐದಕ್ಕೆ
ಹದಿನಾಲ್ಕು ಸೀಟಿನ ಬಸ್ಸು, ಹದಿಮೂರು ಹೆಂಗಸರು,
ಸ್ಟೀರಿಂಗ್ ಹಿಡಿದ ಖಲ್ಫಾನ್:
ಜಂಜಿಬಾರಿನ ಅಜ್ಜಿಯ ಮೊಮ್ಮಗ,
ಒಮಾನಿನವನೇ, ಆದರೂ ಅಂಗಡಿಗಳಲ್ಲಿ
'ನಿನ್ನ ಊರು ಯಾವುದು' ಎಂದು ಕೇಳಿಸಿಕೊಳ್ಳುವವನು.

ಮಾರಿಸೆಲ್‌ಗೆ ಹೋಟೆಲಿನಲ್ಲಿ ಕೋಣೆಗಳ ಕೆಲಸ.
ತ್ಸೆಹಾಯ್ ನೋಡಿಕೊಳ್ಳುವ ಮಕ್ಕಳು ಮೂವರು, ಒಂದೂ ಅವಳದಲ್ಲ.
ಕುಸುಮಾವತಿ ಅಡುಗೆಯವಳು.
ಅಕಿನ್ಯಿ ಮಾಲಿನ ಬಾಗಿಲಲ್ಲಿ ಬ್ಯಾಗು ತಡಕುವವಳು.
ನಾನು ಹಲ್ಲಿನ ಕ್ಲಿನಿಕ್ಕಿನಲ್ಲಿ ಇಕ್ಕಳ ಕುದಿಸುವವಳು,
ಗಂಗೊಳ್ಳಿಯ ಸುಗಂಧಿ.
ಮೀನಿನವರ ಮಗಳಿಗೆ ಎಂಥ ಹೆಸರು ಎಂದು
ಶಾಲೆಯಲ್ಲಿ ನಕ್ಕವರು ಇನ್ನೂ ಕಿವಿಯಲ್ಲಿದ್ದಾರೆ.

ಮೊದಲ ಸಲದ್ದು ಹೇಳಿಬಿಡುತ್ತೇನೆ.
ಹೋದ ವರ್ಷ ನಿಜ್ವಾಕ್ಕೆ ಹೊರಟಾಗ
ಅಕಿನ್ಯಿಯ ಪಕ್ಕದ ಸೀಟು ಖಾಲಿಯಿತ್ತು.
ನಾನು ಹಿಂದೆ, ಟೈರಿನ ಮೇಲಿನ ಸೀಟಿಗೆ ಹೋದೆ.
ನನ್ನನ್ನು ಎಣ್ಣೆಗಪ್ಪು ಎಂದು ಕರೆದ ಮನೆ,
ಕಡಲೆಹಿಟ್ಟು ಹಚ್ಚಿ ಉಜ್ಜಿ ಉಜ್ಜಿ ಸೋತ ಚಿಕ್ಕಮ್ಮನ ಅಂಗೈ,
ಉಪ್ಪಿಟ್ಟು ತಿಂದು ಎದ್ದುಹೋದ ಎರಡು ಗಂಡಿನ ಕಡೆಯವರು,
ಎಲ್ಲ ನೆನಪಿದ್ದೂ ಹೋಗಿ ಕೂತೆ.
ಅವಳು ನೋಡಿದಳು. ಏನೂ ಅನ್ನಲಿಲ್ಲ.
ಮಧ್ಯಾಹ್ನ ಅವಳ ಖರ್ಜೂರದ ಪೊಟ್ಟಣ
ಕೈಯಿಂದ ಕೈಗೆ ಹಿಂದಿನ ತನಕ ಬಂತು.
ಎಲ್ಲಿ ಉಗುಳಲಿ ತಿಳಿಯದೆ
ಮಸ್ಕತ್ತಿನವರೆಗೂ ಬೀಜ ಬಾಯಲ್ಲೇ ಇತ್ತು.

ಈ ಸಲ ಕಿಟಕಿ ಅವಳದು, ಪಕ್ಕ ನನ್ನದು.
ಅವಳೂ ಖಲ್ಫಾನನೂ ಸ್ವಾಹಿಲಿಯಲ್ಲಿ ಜಗಳವಾಡುತ್ತಾರೆ,
ಚಾಯ್, ಸಾಬೂನಿ, ದುಕಾ:
ನಡುನಡುವೆ ನನ್ನ ಊರಿನ ಪದಗಳು
ಬಂಗುಡೆಯ ಹಾಗೆ ಮೇಲೆ ಹಾರಿ ಮುಳುಗುತ್ತವೆ.

ಸೂರಿನ ಆಚೆ, ದಂಡೆಯ ಹೋಟೆಲು.
ನೆರಳಿನ ಕುರ್ಚಿಗಳಿಗೂ ದುಡ್ಡು ಕೊಟ್ಟಿದ್ದೆವು,
ರಸೀದಿ ತ್ಸೆಹಾಯ್‌ಳ ರವಿಕೆಯೊಳಗೆ.
ಭುಜ ಸುಟ್ಟು ಕೆಂಪಾದ ಒಬ್ಬಾತ ನೇರ ಬಂದು
ಟವೆಲು ಕೇಳಿದ. ಒಳ್ಳೆಯವನೇ,
ದಯವಿಟ್ಟು ಎಂದೇ ಕೇಳಿದ.
ಮಾರಿಸೆಲ್ ಆಗಲೇ ಎದ್ದಿದ್ದಳು,
ಹನ್ನೊಂದು ವರ್ಷದ ಮೊಣಕಾಲು ತಾನೇ ಎದ್ದಿತ್ತು.
ಅಕಿನ್ಯಿ ತೋಳು ಹಿಡಿದು ಕೂರಿಸಿದಳು.
'ನಾವೂ ಟವೆಲಿಗೇ ಕಾಯುತ್ತಿದ್ದೇವೆ' ಅಂದಳು.
ಆತನ ಕಿವಿಯೂ ಕೆಂಪಾಯಿತು.
ಯಾರು ಮೊದಲು ನಕ್ಕರೋ, ಎಲ್ಲರೂ ನಕ್ಕೆವು.
ಮಾರಿಸೆಲ್ ಮಾತ್ರ ತುಂಬ ಹೊತ್ತು
ಮೊಣಕಾಲು ಒತ್ತಿಕೊಳ್ಳುತ್ತಿದ್ದಳು.

ರಾತ್ರಿ ಆಮೆ ನೋಡಲು. ದೀಪ ಕೂಡದು, ಮಾತು ಕೂಡದು.
ದೊಡ್ಡ ಹೆಣ್ಣಾಮೆ ಮರಳು ತೋಡುತ್ತ
ಹೆರಿಗೆ ಕೋಣೆಯ ಉಸಿರು ಬಿಡುತ್ತಿತ್ತು.
ಬಲೆಗೆ ಬಿದ್ದರೆ ಅಪ್ಪ ಅದರ ಬೆನ್ನಿಗೆ ಕುಂಕುಮ ಹಚ್ಚಿ
ತಪ್ಪಾಯಿತು ಎಂದು ನೀರಿಗೆ ಬಿಡುತ್ತಿದ್ದ.
ತಡೆಯದೆ ಪಿಸುಗುಟ್ಟಿದೆ: 'ನಮ್ಮ ಹಾಗೇ ಅಲ್ಲವಾ,
ಮೊಟ್ಟೆ ಒಂದು ದಡ, ಬದುಕು ಇನ್ನೊಂದು.'
'ಸುಮ್ಮನಿರು' ಅಂದಳು ಕುಸುಮಾವತಿ,
'ಅದರ ಪಾಸ್‌ಪೋರ್ಟು ಯಾರ ಕಪಾಟಿನಲ್ಲಿದೆ?
ಹನ್ನೆರಡು ರಿಯಾಲು ಕೊಟ್ಟು ಬಂದಿದ್ದೀಯ,
ಆಮೆಯನ್ನು ಆಮೆಯಾಗಿ ನೋಡು.'
ನೋಡಿದೆ.

ಹೊರಗೆ ಬರುವ ಬಾಗಿಲಲ್ಲಿ ದಪ್ಪ ಪುಸ್ತಕ:
ಹೆಸರು, ದೇಶ, ಬಂದ ಉದ್ದೇಶ.
ಯಾವ ಭಾಷೆಯಲ್ಲಾದರೂ ಬರೆಯಿರಿ ಅಂದ ಕಾವಲಿನ ಹುಡುಗ.
ಒಂಬತ್ತು ವರ್ಷ ಎಲ್ಲ ಫಾರಂಗಳಲ್ಲೂ ತುಂಬಿದ್ದು ಒಂದೇ ಪದ.
ಕೈ ಅಭ್ಯಾಸಬಲದಿಂದ ಅದನ್ನೇ ಬರೆದಿತ್ತು:
ಕೆಲಸ.
ಹೊಡೆದುಹಾಕಲು ಮನಸ್ಸಾಗಲಿಲ್ಲ.
ಅದಕ್ಕೇ ಅಂಟಿಸಿ ಮುಂದುವರಿಸಿದೆ:
ವಿಲ್ಲದೆ.

ಅಕಿನ್ಯಿ ಭುಜದ ಮೇಲಿಂದ ಬಗ್ಗಿದಳು.
'ನಿನ್ನ ಅಕ್ಷರ ದುಂಡಗಿದೆ, ಚಪಾತಿಯ ಹಾಗೆ' ಎಂದು
ಕೆಳಗಿನ ಸಾಲಿನಲ್ಲಿ, ತನ್ನ ಹೆಸರಿನ ಮುಂದೆ,
ಅದನ್ನೇ ನೋಡಿ ನೋಡಿ ಬಿಡಿಸಿದಳು.
ಒತ್ತು ಒಂದು ಬಿಟ್ಟುಹೋಯಿತು.